ಬೂತಾಯಿ ಹೊಟ್ಟೆಯಲ್ಲಿ ಸೋಪು

ಬೂತಾಯಿ (ಸಾರ್ಡೀನ್) ಮೀನಿನ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಚೂರು ಇದೆಯಾ ಅಂತ ಮನೆಯಲ್ಲೇ ಹುಡುಕೋಕೆ ಹೋಗಿ ಮೂರು ವಾರ ಹಾಳಾಯಿತು. ಕೊನೆಗೂ ಕಳ್ಳ ಸಿಕ್ಕಿಬಿದ್ದಿದ್ದಾನೆ.

ಮೀನು ಕೊಯ್ದು ಕರುಳು ತೆಗೆಯೋದು ನಿಮಗೆಲ್ಲ ಗೊತ್ತಿರೋದೇ, ಅದನ್ನ ಬಿಡ್ತೀನಿ. ರಸೆಲ್ ಮಾರ್ಕೆಟ್‌ನಿಂದ ಒಂಬತ್ತು ಬೂತಾಯಿ ತಂದೆ. ಕರುಳನ್ನ ಮಾಂಸ ಕರಗಿಸುವ ಕ್ಷಾರದಲ್ಲಿ (10% ಕಾಸ್ಟಿಕ್ ಪೊಟ್ಯಾಶ್) ಹಾಕಿ, ಮೊಸರು ಮಷಿನ್‌ನಲ್ಲಿ 40 ಡಿಗ್ರಿಯಲ್ಲಿ 48 ಗಂಟೆ ಇಟ್ಟೆ. ಕರುಳೆಲ್ಲ ಕರಗಿತು. ಸೋಸಿ, ಪ್ಲಾಸ್ಟಿಕ್‌ಗೆ ಅಂಟಿ ಹೊಳೆಯುವ ನೈಲ್ ರೆಡ್ ಅನ್ನೋ ಬಣ್ಣ ಹನಿಸಿ, ನೀಲಿ ಲೈಟ್ ಹಾಕಿದರೆ ಫಿಲ್ಟರ್ ತುಂಬಾ ದೀಪಾವಳಿ! ಇನ್ನೂರರವರೆಗೆ ಎಣಿಸಿ ಕೈಬಿಟ್ಟೆ.

ಹೋಲಿಸಿ ನೋಡೋಕೆ ಮೀನು ಹಾಕದೆ ಇದೇ ಥರ ಮಾಡಿದ ಬ್ಲಾಂಕ್ ಫಿಲ್ಟರ್ ಮಾತ್ರ ಕ್ಲೀನ್. ಹಾಗಾದರೆ ಇದೆಲ್ಲ ಮೀನಿನ ಹೊಟ್ಟೆಯದೇ ಅಲ್ವಾ? ಬೂತಾಯಿ ಕಿವಿರಿನಿಂದ ಪ್ಲಾಂಕ್ಟನ್ ಸೋಸಿ ತಿನ್ನುವ ಮೀನು. 5 ಮಿ.ಮೀ.ಗಿಂತ ಚಿಕ್ಕ ಪ್ಲಾಸ್ಟಿಕ್ ಚೂರೂ ಅದರ ಜೊತೆ ಒಳಗೆ ಹೋಗುತ್ತದೆ. ನಂಬೋಕೆ ಕಷ್ಟವೇ ಆಗಲಿಲ್ಲ.

ಆದರೆ ಪ್ಲಾಸ್ಟಿಕ್ ಆಗಿದ್ದರೆ ಬಿಸಿ ಸೂಜಿ ತಾಗಿಸಿದಾಗ ಸುರುಟಿಕೊಳ್ಳಬೇಕು, ಈ ಚೂರು ಸುರುಟಿಕೊಳ್ಳಲಿಲ್ಲ. ಬೆಣ್ಣೆ ಹಾಗೆ ಹರಡಿತು. ಜೊತೆಗೆ ಫಿಲ್ಟರ್ ಪದೇ ಪದೇ ಕಟ್ಟಿಕೊಳ್ಳುತ್ತಿತ್ತು. ಆನ್‌ಲೈನ್‌ನಲ್ಲಿ ಗ್ಲಾಸ್ ಫೈಬರ್ ಫಿಲ್ಟರ್ ಕೇಳಿದರೆ ಸಾದಾ ಕಾಗದದ್ದು ಕಳಿಸಿದ್ದ ಮಹಾನುಭಾವನನ್ನೇ ವಾರವಿಡೀ ಬೈದೆ. ವಾಪಸ್ ತಗೊಳ್ಳಲ್ಲವಂತೆ, ಅದು ಬೇರೆ ಕಥೆ.

ಅಮ್ಮ ಬಗ್ಗಿ ನೋಡಿ ಅಂದರು: "ಇದು ಬಚ್ಚಲ ಬಕೆಟ್ ಅಂಚಿನ ಬಿಳಿ ಕಲೆ ಥರ ಇದೆಯಲ್ಲೋ."

ತಲೆಗೆ ಹೊಳೆಯಿತು. ಬೂತಾಯಿ ಅಂದರೆ ಜಿಡ್ಡು. ಜಿಡ್ಡಿಗೆ ಪೊಟ್ಯಾಶ್ ಸೇರಿದರೆ ಸೋಪು. ನಾನು ತೊಳೆದಿದ್ದು ನಮ್ಮ ಬೋರ್‌ವೆಲ್ ನೀರಲ್ಲಿ. ಅದರ ಕ್ಯಾಲ್ಸಿಯಂಗೆ ಸೋಪು ಸಿಕ್ಕಿ, ಕರಗದ ಕಸವಾಗಿ ಕೂತಿದೆ. ನೈಲ್ ರೆಡ್‌ಗೆ ಜಿಡ್ಡಾದರೇನು, ಪ್ಲಾಸ್ಟಿಕ್ ಆದರೇನು, ಎರಡಕ್ಕೂ ಬಣ್ಣ ಹಚ್ಚುತ್ತದೆ. ಬ್ಲಾಂಕ್‌ನಲ್ಲಿ ಮೀನಿಲ್ಲ, ಜಿಡ್ಡಿಲ್ಲ, ಅದಕ್ಕೇ ಕ್ಲೀನ್! ಪೊಟ್ಯಾಶ್ ಕೊಡುವಾಗ ಅಂಗಡಿಯವನು "ಸೋಪ್ ಮಾಡೋಕಾ ಸಾರ್?" ಅಂದಿದ್ದ. ನಾನು ನಕ್ಕಿದ್ದೆ.

ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಂದೆ. ಬಿಸಿ ಮಾಡಿ ಎರಡು ಸಲ ತೊಳೆದೆ, ಆಮೇಲೆ ಸ್ವಲ್ಪ ಆಲ್ಕೋಹಾಲ್. ಹೊಸ ಬ್ಯಾಚ್‌ನ ಫಿಲ್ಟರ್ ಮೇಲೆ ಉಳಿದಿದ್ದು ಮೂರೇ ಎಳೆ.

  

ಸರಿ, ಮೂರು ಎಳೆ. ಸೂಜಿ ತಾಗಿಸಿದೆ. ಎರಡು ಜಪ್ಪಯ್ಯ ಅನ್ನಲಿಲ್ಲ, ಹತ್ತಿ ಇರಬೇಕು, ನನ್ನ ಲುಂಗಿಯದೇ ಇರಬಹುದು. ಮೂರನೆಯದು ನೀಲಿ, ಸುಮಾರು 2 ಮಿ.ಮೀ. ಸೂಜಿ ಹತ್ತಿರ ಹೋಗುತ್ತಿದ್ದ ಹಾಗೇ ಬಸವನಹುಳು ಥರ ಸುರುಟಿಕೊಂಡಿತು.

ಮನೆಯಲ್ಲಿ ನೀಲಿ ಬಟ್ಟೆ ಯಾವುದೆಲ್ಲ ಇದೆ ಅಂತ ಈಗ ಬೀರು ತೆಗೆದು ಕೂತಿದ್ದೇನೆ.