ಚಂದ್ರನ ಮೊಲಕ್ಕೊಂದು ಗೂಡುದೀಪ

ಮೆಕ್ಸಿಕೋ ಎಂದೊಡನೆ ಮಕ್ಕಳ ಕೈಗೆ ತಲೆಬುರುಡೆಯದೋ ಕಳ್ಳಿಗಿಡದ್ದೋ ಚಿತ್ರ ಕೊಟ್ಟು ಕತ್ತರಿಸಲು ಹೇಳುವುದುಂಟು. ಅದರ ಬದಲು ಒಂದು ಕಥೆ ಹೇಳಿ, ಆ ಕಥೆಯದೇ ಕಾಗದದ ಗೂಡುದೀಪ ಮಾಡಿಸಿ. ದೀಪಕ್ಕೆ ನಾಲ್ಕು ಮುಖ, ಕಥೆಯಲ್ಲಿ ನಾಲ್ಕು ಘಟ್ಟ. ಆಗ ಯಾವ ಮುಖದಲ್ಲಿ ಏನಿರಬೇಕೆಂದು ಮಕ್ಕಳೇ ಜಗಳವಾಡಿ ತೀರ್ಮಾನಿಸುತ್ತಾರೆ.

16ನೇ ಶತಮಾನದಲ್ಲಿ ಬೆರ್ನಾರ್ದಿನೊ ದೆ ಸಹಾಗುನ್ ಎಂಬ ಪಾದ್ರಿ ಮೆಕ್ಸಿಕೋದ ನಾವಾತ್ಲ್ ಭಾಷೆ ಮಾತಾಡುವವರಿಂದ ಕೇಳಿ ದಾಖಲಿಸಿದ ಕಥೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಲೋಕವೆಲ್ಲ ಕತ್ತಲಾಗಿದ್ದಾಗ ದೇವತೆಗಳು ತೆಯೋತಿವಾಕಾನ್ ಎಂಬ ಊರಿನಲ್ಲಿ ಸೇರಿದರು. ಬೆಂಕಿಗೆ ಹಾರಿ ಸೂರ್ಯನಾಗಲು ಇಬ್ಬರು ನಿಂತರು. ಸಿರಿವಂತ ತೆಕುಸಿಸ್ತೆಕಾತ್ಲ್ ನಾಲ್ಕು ಸಲ ಮುಂದೆ ಹೋಗಿ ನಾಲ್ಕು ಸಲವೂ ಹಿಂದೆ ಸರಿದ. ಮೈತುಂಬ ಹುಣ್ಣಾಗಿದ್ದ ಬಡ ನಾನಾವಾತ್ಸಿನ್ ಒಂದೇ ಸಲಕ್ಕೆ ಹಾರಿದ, ನಾಚಿಕೊಂಡು ಮೊದಲನೆಯವನೂ ಹಿಂದೆಯೇ ಹಾರಿದ. ಆಕಾಶದಲ್ಲಿ ಸರಿಸಮ ಬೆಳಕಿನ ಎರಡು ಗೋಳ ಮೂಡಿದವು. ಆಗ ಒಬ್ಬ ದೇವತೆ ತೆಕುಸಿಸ್ತೆಕಾತ್ಲ್‌ನ ಗೋಳದ ಮುಖಕ್ಕೆ ಮೊಲವೊಂದನ್ನು ಎಸೆದ. ಅದು ಮಂಕಾಗಿ ಚಂದ್ರನಾಯಿತು. ನಮ್ಮ ಚಂದ್ರನಲ್ಲೂ ಮೊಲವಿದೆ, ಆದರೆ ಜಾತಕ ಕಥೆಯಲ್ಲಿ ಅದು ಅತಿಥಿಗಾಗಿ ತಾನೇ ಬೆಂಕಿಗೆ ಹಾರಿ ಅಲ್ಲಿ ಸೇರಿದ್ದು. ಮೆಕ್ಸಿಕೋದ ಈ ಮೊಲದ ಕೆಲಸ ಬೆಳಕು ತಗ್ಗಿಸುವುದು. ದೀಪದ ನಾಲ್ಕನೇ ಮುಖ ನಿಂತಿರುವುದೇ ಇದರ ಮೇಲೆ.

ಮೊದಲು ಚೌಕಟ್ಟು. ದಪ್ಪ ಕಪ್ಪು ರಟ್ಟುಹಾಳೆಯಲ್ಲಿ 61.5 ಸೆಂ.ಮೀ. ಉದ್ದ, 22 ಸೆಂ.ಮೀ. ಎತ್ತರದ ಪಟ್ಟಿ ಕತ್ತರಿಸಿ. ಹದಿನೈದು ಸೆಂ.ಮೀ.ನಂತೆ ನಾಲ್ಕು ಮುಖ, ಉಳಿದ 1.5 ಸೆಂ.ಮೀ. ಅಂಟಿಸುವ ಅಂಚು. ಮಡಿಕೆ ಬರುವ ಗೆರೆಗಳ ಮೇಲೆ ಸ್ಕೇಲ್ ಇಟ್ಟು, ಇಂಕು ಮುಗಿದ ಬಾಲ್‌ಪೆನ್ನಿನಿಂದ ಒತ್ತಿ ಎಳೆಯಿರಿ. ಇದನ್ನು ಬಿಟ್ಟರೆ ರಟ್ಟು ತನಗೆ ಬೇಕಾದಲ್ಲಿ ಮುರಿದು ದೀಪ ಸೊಟ್ಟಗಾಗುತ್ತದೆ. ಪ್ರತಿ ಮುಖದಲ್ಲೂ ಸುತ್ತ 2 ಸೆಂ.ಮೀ. ಬಿಟ್ಟು 11 × 18ರ ಕಿಟಕಿ ತೆಗೆಯಿರಿ. ಬ್ಲೇಡಿನ ಈ ಕೆಲಸ ದೊಡ್ಡವರದೇ.

ಕತ್ತರಿಸುವ ರೀತಿಯನ್ನು ಪಪೆಲ್ ಪಿಕಾದೋ ಎಂಬ ಮೆಕ್ಸಿಕೋದ ಕಾಗದ ಕೊರೆಯುವ ಕಲೆಯಿಂದ ಎರವಲು ಪಡೆಯಬಹುದು. ಪುಯೆಬ್ಲಾ ರಾಜ್ಯದ ಸಾನ್ ಸಾಲ್ವದೋರ್ ವಿಷ್ಕೊಲೊತ್ಲಾ ಊರು ಈ ಕಲೆಗೆ ಹೆಸರಾಗಿದೆ. ತೆಳು ಕಾಗದಗಳನ್ನು ಒಂದರ ಮೇಲೊಂದು ಪೇರಿಸಿ, ಸಣ್ಣ ಉಳಿಗಳಿಂದ ಸುತ್ತಿಗೆಯಲ್ಲಿ ಹೊಡೆದು ಕೊರೆಯುತ್ತಾರೆ. ಅಲ್ಲಿನ ತೋರಣಗಳನ್ನು ಹತ್ತಿರದಿಂದ ನೋಡಿದರೆ ಒಂದು ಆಕಾರವೂ ಒಂಟಿಯಾಗಿರುವುದಿಲ್ಲ. ಹಕ್ಕಿಯ ಕೊಕ್ಕು ಹೂವಿಗೆ, ಹೂವು ಅಂಚಿಗೆ ತಾಗಿಕೊಂಡಿರುತ್ತದೆ. ಮಕ್ಕಳಿಗೆ ಕಲಿಸಬೇಕಾದದ್ದು ಇದನ್ನೇ. ಕಪ್ಪು ಹಾಳೆಯಲ್ಲಿ ಕತ್ತರಿಸಿದ ಆಕೃತಿ ಚೌಕಟ್ಟಿಗೆ ಕಡೇಪಕ್ಷ ಎರಡು ಕಡೆ ತಾಗಬೇಕು, ತಾಗುವ ಜಾಗ 5 ಮಿ.ಮೀ.ಗಿಂತ ಸಪೂರವಾಗಿರಬಾರದು. ಇಲ್ಲದಿದ್ದರೆ ಅದರ ಭಾರವೆಲ್ಲ ತೆಳು ಕಾಗದದ ಮೇಲೆ ಬಿದ್ದು, ನಡುವೆ ಜೋಲುತ್ತದೆ. ಹಾರುತ್ತಿರುವ ನಾನಾವಾತ್ಸಿನ್‌ನ ಕೈ ಮೇಲಂಚಿಗೆ ಮುಟ್ಟಲಿ, ಜ್ವಾಲೆಗಳು ಅವನ ಕಾಲಿಗೆ ಮುಟ್ಟಲಿ.

ಚೌಕಟ್ಟನ್ನು ಕವುಚಿ ಹಾಕಿ, ಮೊದಲು ಆಕೃತಿ, ಅದರ ಮೇಲೆ ಬಣ್ಣದ ತೆಳು ಕಾಗದ (ಗಾಳಿಪಟದ್ದು ಆದೀತು) ಅಂಟಿಸಿ. ಎಲ್ಲವೂ ಮಡಿಸುವ ಮುಂಚೆ ಆಗಬೇಕು. ಬಣ್ಣದ ಕಾಗದದ ಅಳತೆ 13 × 20, ಹೆಚ್ಚು ಬೇಡ. ಅದು ಮಡಿಕೆಯ ಗೆರೆ ದಾಟಿದರೆ ಮೂಲೆಯಲ್ಲಿ ಸುಕ್ಕುಗಟ್ಟಿ ಹರಿಯುತ್ತದೆ. ಮೈದಾ ಗೋಂದಾಗಲಿ ನೀರು ಬೆರೆಸಿದ ಫೆವಿಕಾಲ್ ಆಗಲಿ ಇಲ್ಲಿ ಕೆಡಿಸುತ್ತದೆ. ಒದ್ದೆಯಾದ ತೆಳು ಕಾಗದ ಹಿಗ್ಗುತ್ತದೆ, ಬಣ್ಣ ಬಿಡುತ್ತದೆ, ಒಣಗಿದ ಮೇಲೆ ಅಲೆಅಲೆಯಾಗಿ ಉಳಿಯುತ್ತದೆ. ಗ್ಲೂ ಸ್ಟಿಕ್ ತೆಗೆದುಕೊಂಡು ರಟ್ಟಿಗೆ ಮಾತ್ರ ಬಳಿಯಿರಿ. ಇದು ಐದಾರು ವರ್ಷದ ಮಕ್ಕಳೂ ಅಚ್ಚುಕಟ್ಟಾಗಿ ಮಾಡಬಲ್ಲ ಕೆಲಸ.

ಕತ್ತಲ ಮುಖಕ್ಕೆ ನೇರಳೆ ಸಾಕು. ಬೆಂಕಿಗೆ ಪೂರ್ತಿ ಹಳದಿ ಹಾಕಿ, ಕೆಳಗಿನ ಅರ್ಧಕ್ಕೆ ಗುಲಾಬಿ ಸೇರಿಸಿದರೆ ಹಚ್ಚಿದಾಗ ಕಿತ್ತಳೆಯಾಗುತ್ತದೆ. ಮೂರನೆಯದಕ್ಕೆ ಒಂದೇ ಅಳತೆಯ ಎರಡು ಬಿಲ್ಲೆ.

ನಾಲ್ಕನೆಯದಕ್ಕೆ ನಿಧಾನ ಬೇಕು. ಕಪ್ಪು ಹಾಳೆಯಲ್ಲಿ 10 ಸೆಂ.ಮೀ. ಅಗಲದ ವೃತ್ತಾಕಾರದ ತೂತು ಕೊರೆದು ಆ ಹಾಳೆಯನ್ನು ಕಿಟಕಿಗೆ ಅಂಟಿಸಿ, ಹಿಂದೆ ಬಿಳಿ ಬಟರ್ ಪೇಪರ್ ಹಾಕಿ. ಮೊಲವನ್ನು ಕಪ್ಪು ಹಾಳೆಯಲ್ಲಿ ಮಾಡಬೇಡಿ. ಬಿಳಿ ತೆಳು ಕಾಗದದಲ್ಲಿ 6 ಸೆಂ.ಮೀ. ಎತ್ತರದ ಮೊಲ ಕತ್ತರಿಸಿ ಬಟರ್ ಪೇಪರಿನ ಒಳಬದಿಗೆ ಅಂಟಿಸಿ, ಅದರ ಮೇಲೆ ತುಸು ಚಿಕ್ಕದಾದ ಇನ್ನೊಂದು, ಮತ್ತೊಂದು. ಹಗಲಿನಲ್ಲಿ ಬರೀ ಬಿಳಿ ಚಂದ್ರ. ದೀಪ ಹಚ್ಚಿದರೆ ಪದರ ಹೆಚ್ಚಿದ್ದಲ್ಲಿ ಬೆಳಕು ಕಡಿಮೆ ಹಾಯ್ದು ಮೊಲ ಮೂಡುತ್ತದೆ, ಕಥೆಯಲ್ಲಿ ಆದ ಹಾಗೆಯೇ.

ಗೋಂದು ಒಣಗಿದ ಮೇಲೆ ಮಡಿಸಿ ಅಂಚು ಅಂಟಿಸಿ. 19 × 3 ಅಳತೆಯ ಎರಡು ರಟ್ಟಿನ ಪಟ್ಟಿಗಳ ತುದಿಗಳನ್ನು 2 ಸೆಂ.ಮೀ. ಮಡಿಸಿ, ತಳದಲ್ಲಿ ಅಡ್ಡಡ್ಡಲಾಗಿ ಕೂರಿಸಿ. ನಡುವೆ ಚಹಾದ ಪೇಪರ್ ಕಪ್ ಬೋರಲಾಗಿಟ್ಟು, ಮೇಲೆ ಬ್ಯಾಟರಿಯ ಎಲ್‌ಇಡಿ ದೀಪ. ತಳದಲ್ಲೇ ಇಟ್ಟರೆ ಮೇಲರ್ಧ ಕತ್ತಲಾಗುತ್ತದೆ. ಬರೀ ದೀಪವಿಟ್ಟರೆ ಕಾಗದದ ಮೇಲೆ ಒಂದೇ ಬಿಂದು ಕಣ್ಣಿಗೆ ಚುಚ್ಚುತ್ತದೆ, ಹಾಗಾಗಿ 20 × 12ರ ಬಟರ್ ಪೇಪರನ್ನು ಕೊಳವೆಯಂತೆ ಸುತ್ತಿ ಅದರ ಸುತ್ತ ನಿಲ್ಲಿಸಿ. ಮೇಣದಬತ್ತಿ ಇದರೊಳಗೆ ಬೇಡವೇ ಬೇಡ. ಬಟನ್ ಸೆಲ್ ಇರುವ ದೀಪವಾದರೆ ಮುಚ್ಚಳಕ್ಕೆ ಸ್ಕ್ರೂ ಇರುವುದನ್ನೇ ಕೊಳ್ಳಿ. ಮಗು ಆ ಸೆಲ್ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಮೆಕ್ಸಿಕೋದಲ್ಲಿ ಡಿಸೆಂಬರ್ 16ರಿಂದ 24ರವರೆಗಿನ ಪೊಸಾದಾ ಎಂಬ ಕ್ರಿಸ್‌ಮಸ್ ಮೆರವಣಿಗೆಗಳಲ್ಲಿ ಮಕ್ಕಳು ಕಾಗದದ ದೀಪ ಹಿಡಿದು ಮನೆಮನೆಗೆ ಹೋಗುತ್ತಾರೆ. ಹಾಗೆ ಹಿಡಿದು ನಡೆಯಬೇಕೆಂದರೆ, ಎದುರುಬದುರಿನ ಎರಡು ಮುಖಗಳ ಮೇಲಂಚಿಗೆ ಎರಡೂ ಬದಿ ಟೇಪ್ ಹಚ್ಚಿ ಆಮೇಲೆ ತೂತು ಮಾಡಿ, 40 ಸೆಂ.ಮೀ. ದಾರ ಕಟ್ಟಿ ಕೋಲಿಗೆ ತೂಗಿಸಿ. ಪೇಪರ್ ಕಪ್ಪನ್ನು ತಳಕ್ಕೂ ಎಲ್‌ಇಡಿ ದೀಪವನ್ನು ಆ ಕಪ್ಪಿಗೂ ಎರಡು ಬದಿ ಅಂಟುವ ಟೇಪಿನಿಂದ ಹಿಡಿಸದಿದ್ದರೆ ಓಡುವಾಗ ಎರಡೂ ಉರುಳುತ್ತವೆ. ಎತ್ತಿಡುವಾಗ ಪೇಪರ್ ಕಪ್ ಕಿತ್ತು, ತಳದ ಪಟ್ಟಿಗಳ ಒಂದೊಂದು ತುದಿ ಬಿಡಿಸಿದರೆ ಇಡೀ ದೀಪ ಚಪ್ಪಟೆಯಾಗಿ ದೊಡ್ಡ ಪುಸ್ತಕದ ಕೆಳಗೆ ಕೂರುತ್ತದೆ. ಸೆಲ್ ಮಾತ್ರ ಹೊರಗೆ ತೆಗೆದು ಮಕ್ಕಳ ಕೈಗೆಟುಕದ ಕಡೆ ಇಡಿ.