ಇಂಗುಗುಂಡಿ ತೋಡಿಸುವ ಮೊದಲು

ಮಳೆಗಾಲ ಶುರುವಾಗುವುದರೊಳಗೆ ಚಾವಣಿ ನೀರು ನೆಲಕ್ಕೆ ಇಂಗಲು ಒಂದು ಇಂಗುಗುಂಡಿ ತೋಡಿಸಬೇಕು ಅಂತ ಮನೆಯಲ್ಲಿ ಮಾತಾಯಿತು. ಮೂರಡಿ ಅಗಲ, ಹತ್ತಡಿ ಆಳ, ಒಳಗೆ ಸಿಮೆಂಟ್ ರಿಂಗು. ಎಲ್ಲಿ ತೋಡಿಸೋಣ ಅಂದರೆ ನಮ್ಮ ಮಾವ ಯೋಚನೆಯನ್ನೇ ಮಾಡದೆ "ಈಶಾನ್ಯದಲ್ಲಿ, ಇನ್ನೆಲ್ಲಿ?" ಅಂದರು. ತೊಂದರೆ ಇರುವುದೇ ಅಲ್ಲಿ. ಬೆಂಗಳೂರಿನಲ್ಲಿ ವಾಸ್ತು ನೋಡಿ ಕಟ್ಟಿದ ಮನೆಗಳಲ್ಲಿ ನೆಲದೊಳಗೆ ಜಾಸ್ತಿ ತುಂಬಿರುವ ಮೂಲೆ ಅದೇ. ಸಂಪು ಅಲ್ಲಿ, ಬೋರ್‌ವೆಲ್ ಅಲ್ಲಿ, ಹಾಗಾಗಿ ಕಾವೇರಿ ನೀರಿನ ಪೈಪೂ ಮೋಟಾರ್ ಕೇಬಲ್ಲೂ ಅಲ್ಲಿಗೇ ಹೋಗಿರುತ್ತವೆ.

ಅಮೆರಿಕದಲ್ಲಿರುವ ನೆಂಟರು ಹಿತ್ತಲಲ್ಲಿ ಗಿಡ ನೆಡಲೂ 811ಕ್ಕೆ, ಅಂದರೆ ಅಗೆಯುವ ಮೊದಲು ತಿಳಿಸುವ ನಂಬರಿಗೆ, ಫೋನ್ ಮಾಡುತ್ತಾರೆ. ಲೈನ್ ಹಾಕಿದ ಕಂಪನಿಗಳ ಕಡೆಯವರು ಪುಕ್ಕಟೆಯಾಗಿ ಬಂದು ನೆಲದ ಮೇಲೆ ಬಣ್ಣದ ಗುರುತು ಹಾಕಿ ಹೋಗುತ್ತಾರೆ, ಕರೆಂಟಿಗೆ ಕೆಂಪು, ಗ್ಯಾಸಿಗೆ ಹಳದಿ, ಕುಡಿಯುವ ನೀರಿಗೆ ನೀಲಿ. ನಮ್ಮಲ್ಲೂ 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 'ಕಾಲ್ ಬಿಫೋರ್ ಯು ಡಿಗ್' ಅಂತ ಆಪ್ ತಂದಿತು. ಎಲ್ಲಿ ಅಗೆಯುತ್ತೀವಿ ಅಂತ ತಿಳಿಸಿದರೆ ಅಲ್ಲಿ ಲೈನ್ ಎಳೆದಿರುವ ಸಂಸ್ಥೆಗಳಿಗೆ ಸುದ್ದಿ ಹೋಗುತ್ತದೆ. ರಸ್ತೆ ಅಗೆಯೋರಿಗೆ ಒಳ್ಳೆಯದೇ. ಆದರೆ ಕಾಂಪೌಂಡ್ ಒಳಗೆ ನಾವೇ ಹಾಕಿಸಿಕೊಂಡ ಪೈಪು, ವೈರು ಯಾವ ಆಪ್‌ನಲ್ಲೂ ಇರುವುದಿಲ್ಲ, 811ರವರು ಸಹ ಮನೆಯವರ ಸ್ವಂತ ಲೈನುಗಳಿಗೆ ಗುರುತು ಹಾಕುವುದಿಲ್ಲ. ಅದನ್ನು ನಾವೇ ಹುಡುಕಿಕೊಳ್ಳಬೇಕು.

ಹುಡುಕುವುದು ಕಷ್ಟವೇನಲ್ಲ. ನೆಲದೊಳಗೆ ಹೋಗಿದ್ದು ಎಲ್ಲಾದರೂ ಮೇಲೆ ಬರಲೇಬೇಕಲ್ವಾ? ನೀರಿನ ಮೀಟರ್ ಎಲ್ಲಿದೆ, ಸಂಪಿನೊಳಗೆ ಪೈಪು ಯಾವ ಗೋಡೆಯಿಂದ ಬಾಯಿ ತೆರೆದಿದೆ ನೋಡಿ, ನಡುವೆ ಸುಣ್ಣದಲ್ಲಿ ಗೆರೆ ಎಳೆಯಿರಿ. ಯುಜಿಡಿ (ನೆಲದೊಳಗಿನ ಒಳಚರಂಡಿ) ಚೇಂಬರುಗಳ ಮುಚ್ಚಳ ಎತ್ತಿ, ಒಬ್ಬರು ಬಚ್ಚಲಲ್ಲಿ ಒಂದು ಬಕೆಟ್ ನೀರು ಸುರಿಯಲಿ, ಇನ್ನೊಬ್ಬರು ಬಗ್ಗಿ ನೋಡಲಿ. ನೀರು ಯಾವ ಮಗ್ಗುಲಿನಿಂದ ನುಗ್ಗಿತು ಅನ್ನುವುದರಲ್ಲೇ ಪೈಪಿನ ದಾರಿ ಗೊತ್ತಾಗುತ್ತದೆ. ನಮ್ಮಲ್ಲಿ ಅಡುಗೆಮನೆ ಪೈಪು ಸುತ್ತಿಕೊಂಡು ತುಳಸಿಕಟ್ಟೆ ಕೆಳಗೇ ಬಂದಿತ್ತು! ಲೊಕೇಟರ್ ಮೆಷಿನ್ ತರಿಸೋಣ ಅಂತ ಕೆಲವರು ಹೇಳುತ್ತಾರೆ. ಲೋಹ ಹುಡುಕುವ ಮೆಷಿನ್‌ಗೆ ಪಿವಿಸಿ ಪೈಪು ಕಾಣುವುದಿಲ್ಲ, ನಮ್ಮ ಮನೆಗಳಲ್ಲಿ ಇರೋದು ಹೆಚ್ಚಾಗಿ ಪಿವಿಸಿಯೇ.

ನನಗೆ ನಿಜವಾಗಿ ಭಯ ಇದ್ದದ್ದು ಕರೆಂಟಿನದು. ಪೈಪ್ ಒಡೆದರೆ ಪ್ಲಂಬರ್ ಬರುತ್ತಾನೆ, ಗುಂಡಿ ತೋಡುವವರ ಕೈಯಲ್ಲಿರುವುದು ತಲೆಯಿಂದ ಬುಡದವರೆಗೆ ಕಬ್ಬಿಣದ ಹಾರೆ. ಬೋರ್ ಕೇಬಲ್ಲನ್ನು ಎಲೆಕ್ಟ್ರಿಷಿಯನ್‌ಗಳು ಒಂದು ಗೇಣು ಆಳದಲ್ಲೇ ಹೂತು ಮಣ್ಣು ಎಳೆದುಬಿಟ್ಟಿರುತ್ತಾರೆ, ತ್ರೀ ಫೇಸ್ ಆದರೆ ಅದರಲ್ಲಿ 415 ವೋಲ್ಟ್. ಅದನ್ನು ಸ್ಟಾರ್ಟರ್ ಕಡೆಯಿಂದ ಆಫ್ ಮಾಡಬಹುದು. ಆದರೆ ಕಂಬದಿಂದ ನೆಲದೊಳಗೆ ಇಳಿದು ಮೀಟರ್ ಬೋರ್ಡಿಗೆ ಬರುವ ಕೇಬಲ್ ಇದೆ ನೋಡಿ, ಮನೆಯ ಮೇನ್ ಸ್ವಿಚ್ ಆಫ್ ಮಾಡಿದರೂ ಅದರಲ್ಲಿ ಕರೆಂಟ್ ಇದ್ದೇ ಇರುತ್ತದೆ. ನಿಯಮದ ಪ್ರಕಾರ ಅದು ಸುಮಾರು ಎರಡೂವರೆ ಅಡಿ ಆಳದಲ್ಲಿ ಇರಬೇಕು. ಆದರೆ ಲೆವೆಲ್ ಮಾಡಲು ಮೇಲಿನ ಮಣ್ಣು ತೆಗೆದಿದ್ದರೆ ಆ ಲೆಕ್ಕವನ್ನು ನಂಬುವ ಹಾಗಿಲ್ಲ. ಅಗೆಯುವಾಗ ಸಾಲಾಗಿ ಇಟ್ಟಿಗೆ, ಬಣ್ಣದ ಟೇಪು ಅಥವಾ ಸುಮ್ನೆ ಒಂದೇ ಕಡೆ ಮರಳು ಸಿಕ್ಕಿತು ಅಂದರೆ ಹಾರೆ ಕೆಳಗಿಡಿ. ಕೇಬಲ್ ಹಾಕುವಾಗ ಮೇಲೆ ಇವನ್ನೇ ಹಾಕುವುದು. ಅನುಮಾನ ಇದ್ದರೆ ಬೆಸ್ಕಾಂ 1912, ನೀರಿನದಾದರೆ ಜಲಮಂಡಳಿ 1916. ಅರ್ಥಿಂಗ್ ಪಟ್ಟಿ (ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಲೋಹದ ಪಟ್ಟಿ) ಸಿಕ್ಕಿದರೆ ಹಳೇ ತಗಡು ಅಂತ ಕಿತ್ತು ಬಿಸಾಡಬೇಡಿ.

ಪೈಪ್ ಗ್ಯಾಸ್ ಇರುವವರು ಗೋಡೆ ಮೇಲಿನ ಪೈಪು ನೆಲಕ್ಕೆ ಇಳಿಯುವ ಜಾಗದಿಂದ ಶುರು ಮಾಡಿ. ಮಣ್ಣಿನೊಳಗೆ ಇರುವುದು ಪ್ಲಾಸ್ಟಿಕ್ ಪೈಪು, ಗುದ್ದಲಿ ತಗುಲಿದರೆ ಸುಲಭವಾಗಿ ಕತ್ತರಿಸಿಹೋಗುತ್ತದೆ. ಬರೀ ತರಚಿದರೂ ಮಣ್ಣು ಮುಚ್ಚಿ ಸುಮ್ಮನಾಗಬೇಡಿ, ಕಂಪನಿಗೆ ಹೇಳಿ. ವಾಸನೆ ಬಂದರೆ ಸ್ವಿಚ್ ಮುಟ್ಟದೆ ಎಲ್ಲರೂ ದೂರ ಹೋಗಿ, ಅಲ್ಲಿಂದ ಫೋನ್ ಮಾಡಿ. ಎಮರ್ಜೆನ್ಸಿ ನಂಬರನ್ನು ಮೊದಲೇ ಮೊಬೈಲ್‌ನಲ್ಲಿ ಹಾಕಿಟ್ಟುಕೊಳ್ಳಿ.

ಕೊನೆಗೆ ಗುಂಡಿಯನ್ನು ಉತ್ತರದ ಗೋಡೆ ಪಕ್ಕ, ಸುಣ್ಣದ ಗೆರೆಗಳಿಂದ ದೂರ ತೋಡಿಸಿದೆವು. ಮೊದಲ ಮೂರಡಿಯಾದರೂ ನಿಧಾನ ಅಂತ ಹೇಳಿದ್ದಕ್ಕೆ ತೋಡುವವರು "ನಮಗೂ ಮನೇಲಿ ಮಕ್ಕಳಿದಾರೆ ಸಾರ್" ಅಂದರು. ಚಾವಣಿ ನೀರಿನ ಹೊಸ ಪೈಪು ಹಾಕಿದಾಗ ಮಣ್ಣು ಮುಚ್ಚುವ ಮೊದಲು, ಕಾಂಪೌಂಡ್ ಗೋಡೆಯಿಂದ ಟೇಪ್ ಹಿಡಿದು, ಅಳತೆ ಕಾಣುವ ಹಾಗೆ ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದ್ದೇನೆ.