ಮಲಗಿಸಬೇಡಿ, ಕೂರಿಸಿ

ನನ್ನ ತಮ್ಮನನ್ನು ನೋಡಲು ಬರುವವರ ಕಣ್ಣು ಮೊದಲು ಹೋಗುವುದು ಅವನ ಕಾಲುಗಳ ಕಡೆಗೆ. ಆಮೇಲೆ ಪ್ರಶ್ನೆ: "ಯಾವಾಗ ನಡೆಯುತ್ತಾನಂತೆ? ಡಾಕ್ಟರ್ ಏನು ಹೇಳಿದರು?" ಕೇಳುವವರಲ್ಲಿ ಕೆಟ್ಟ ಮನಸ್ಸಿನವರು ಯಾರೂ ಇಲ್ಲ. ಆದರೆ ಕುತ್ತಿಗೆಯ ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದವರ ಮನೆಯಲ್ಲಿ ನಡಿಗೆಯ ಮಾತು ಬರುವುದೇ ಅಪರೂಪ. ಬೆಳಗಾದರೆ ಮೂತ್ರಕೋಶದ ಚಿಂತೆ, ಮಲವಿಸರ್ಜನೆಯ ಚಿಂತೆ, ಚರ್ಮ ಎಲ್ಲಾದರೂ ಕೆಂಪಾಗಿದೆಯೇ ಎಂಬ ಚಿಂತೆ, ಬೆರಳುಗಳ ಚಿಂತೆ. 2004ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ, ಕೈಕಾಲು ನಾಲ್ಕೂ ಸ್ವಾಧೀನ ತಪ್ಪಿದವರನ್ನು ನಿಮಗೆ ಮೊದಲು ಏನು ಮರಳಿ ಬೇಕು ಎಂದು ಕೇಳಿದಾಗ, ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಹೇಳಿದ್ದು ತೋಳು ಮತ್ತು ಕೈಗಳ ಶಕ್ತಿ ಎಂದು. ನಾನು ಅದನ್ನು ಓದುವ ಎಷ್ಟೋ ಮೊದಲೇ ತಮ್ಮ ಅದನ್ನೇ ಹೇಳಿದ್ದ. "ಅಕ್ಕಾ, ಒಂದು ಲೋಟ ನಾನೇ ಹಿಡಿದು ನೀರು ಕುಡಿಯುವಂತಾಗಬೇಕು. ಉಳಿದದ್ದು ಆಮೇಲೆ."

ಅವನು ಜಿಮ್ನಾಸ್ಟ್. ಆರು ವರ್ಷದವನಿದ್ದಾಗ ಹಾಸಿನ ಮೇಲೆ ಲಾಗ ಹಾಕಲು ಶುರುಮಾಡಿದವನು ಹತ್ತೊಂಬತ್ತಕ್ಕೆ ಬರುವಷ್ಟರಲ್ಲಿ ಗಾಳಿಯಲ್ಲಿ ಎರಡು ಸುತ್ತು ತಿರುಗಿ ನೆಟ್ಟಗೆ ನಿಲ್ಲುತ್ತಿದ್ದ. ಬಾರ್ ಹಿಡಿದು ಹಿಡಿದು ಅವನ ಅಂಗೈಗಳಲ್ಲಿ ಹಳದಿ ಜಡ್ಡು ಕಟ್ಟಿತ್ತು. ಅದು ಸೀಳದಂತೆ ರಾತ್ರಿ ಹೊತ್ತು ಕೂತು ತಿಕ್ಕಿ ನುಣುಪು ಮಾಡುತ್ತಿದ್ದ. ದೇಹದ ಬಗ್ಗೆ ಅವನಿಗಿದ್ದ ಗಮನ ನಮಗೆ ಯಾರಿಗೂ ಇರಲಿಲ್ಲ. ಮಣಿಕಟ್ಟು ನೋಯುತ್ತಿದ್ದರೆ ಅದು ಅಭ್ಯಾಸದ ನೋವೋ ಗಾಯದ ನೋವೋ ಎಂದು ಬೇರ್ಪಡಿಸಿ ಹೇಳುತ್ತಿದ್ದ. ಕೋಚ್ ಅವನ ಮಾತನ್ನು ಒಪ್ಪಿ ಅಂದಿನ ಅಭ್ಯಾಸ ಬದಲಿಸುತ್ತಿದ್ದರು.

ಬಿದ್ದದ್ದು ನೆಲದ ವ್ಯಾಯಾಮದ ಅಭ್ಯಾಸದಲ್ಲಿ. ಸುತ್ತು ಪೂರ್ತಿಯಾಗಲಿಲ್ಲ, ತಲೆ ಬಗ್ಗಿದ್ದಾಗಲೇ ನೆಲ ಮುಟ್ಟಿದ. ಎತ್ತಲು ಓಡಿಬಂದ ಹುಡುಗರನ್ನು ಕೋಚ್ ಕೂಗಿ ತಡೆದರು. ಅವನ ತಲೆಯನ್ನು ತಮ್ಮ ಎರಡೂ ಮೊಣಕಾಲುಗಳ ನಡುವೆ ಅಲುಗದಂತೆ ಹಿಡಿದು, ಆಂಬುಲೆನ್ಸ್ ಬರುವವರೆಗೆ ಹಾಗೆಯೇ ಕೂತರು. ಮುರಿದ ಕುತ್ತಿಗೆಯನ್ನು ಅವಸರದಿಂದ ಎತ್ತಿದರೆ ಉಳಿದಿರುವ ನರಗಳೂ ಹೋಗಬಹುದು. ತಮ್ಮನಿಗೆ ಇಂದು ಮಣಿಕಟ್ಟು ಎತ್ತಲು ಆಗುತ್ತಿರುವುದಕ್ಕೆ ಆ ಮೊಣಕಾಲುಗಳೂ ಕಾರಣ ಎಂದು ನಾನು ನಂಬಿದ್ದೇನೆ.

ಕುತ್ತಿಗೆಯ ಐದನೆಯ ಕಶೇರು, ಅಂದರೆ ಬೆನ್ನುಮೂಳೆಯ ಮಣಿ, ಆರನೆಯದರ ಮೇಲೆ ಜಾರಿತ್ತು. ಬೆನ್ನುಹುರಿ ಎಂದರೆ ಕಿರುಬೆರಳಿನಷ್ಟು ದಪ್ಪ, ಸುಮಾರು 45 ಸೆಂಟಿಮೀಟರ್ ಉದ್ದ. ಮಿದುಳಿನಿಂದ ಕೆಳಗೆ ಹೋಗುವ ಆಜ್ಞೆಗಳೂ ಕೆಳಗಿನಿಂದ ಮೇಲೆ ಬರುವ ಸುದ್ದಿಗಳೂ ಅದರೊಳಗೇ ಹಾಯಬೇಕು. ಶಸ್ತ್ರಚಿಕಿತ್ಸೆ ಮಾಡಿ ಮೂಳೆಯನ್ನು ಸ್ವಸ್ಥಾನಕ್ಕೆ ಕೂರಿಸಿ ಪ್ಲೇಟು, ಸ್ಕ್ರೂ ಹಾಕಿದರು. ಮೂಳೆ ಕೂಡಿಕೊಂಡಿತು. ಹುರಿ ಕೂಡಲಿಲ್ಲ. ಕುತ್ತಿಗೆಯ ಆರನೆಯ ನರದವರೆಗೆ ಆಜ್ಞೆ ತಲುಪುತ್ತದೆ: ಭುಜ ಆಡುತ್ತದೆ, ಮೊಣಕೈ ಮಡಚುತ್ತದೆ, ಮಣಿಕಟ್ಟು ಮೇಲೇಳುತ್ತದೆ. ಮೊಣಕೈಯನ್ನು ಬಲವಾಗಿ ನೀಡುವ ಸ್ನಾಯುವಿಗೆ ಏಳನೆಯ ನರ ಬೇಕು, ಅದು ಇಲ್ಲ. ಬೆರಳುಗಳೂ ಇಲ್ಲ.

ಬೆರಳು ಇಲ್ಲದಿದ್ದರೂ ಹಿಡಿತ ಸಾಧ್ಯ ಎಂದು ನನಗೆ ಗೊತ್ತಾದದ್ದು ಪುನಶ್ಚೇತನ ಕೇಂದ್ರದಲ್ಲಿ. ಮಣಿಕಟ್ಟನ್ನು ಹಿಂದಕ್ಕೆ ಎತ್ತಿದಾಗ ಬೆರಳುಗಳ ಸ್ನಾಯುರಜ್ಜುಗಳು ಎಳೆದುಕೊಂಡು ಬೆರಳು ತಾವಾಗಿಯೇ ಮಡಚುತ್ತವೆ, ಹೆಬ್ಬೆರಳು ತೋರುಬೆರಳಿಗೆ ತಾಗುತ್ತದೆ. ಮಣಿಕಟ್ಟು ಇಳಿಸಿದರೆ ಬೆರಳು ಬಿಚ್ಚಿಕೊಳ್ಳುತ್ತವೆ. ಈ ಎಳೆತ ಕೆಲಸ ಮಾಡಬೇಕಾದರೆ ಬೆರಳಿನ ರಜ್ಜುಗಳು ಸ್ವಲ್ಪ ಬಿಗಿಯಾಗಿಯೇ ಉಳಿಯಬೇಕು. ಅಂಗೈ ನೆಲಕ್ಕೆ ಊರಿ ಬೆರಳುಗಳನ್ನು ಪೂರ್ತಿ ಹರಡಿ ಭಾರ ಬಿಟ್ಟರೆ ರಜ್ಜು ಸಡಿಲವಾಗಿ, ಇರುವ ಈ ಸಣ್ಣ ಹಿಡಿತವೂ ಹೋಗುತ್ತದೆ. ತಮ್ಮನಿಗೆ ಇದೇ ಕಠಿಣವಾಯಿತು. ಹಾಸಿಗೆಯಲ್ಲಿ ಕೂರಿಸಿದ ಕೂಡಲೇ ಅವನ ಕೈ ಹಳೆಯ ಅಭ್ಯಾಸದಂತೆ ಚಪ್ಪಟೆಯಾಗಿ ನೆಲ ಹುಡುಕುತ್ತಿತ್ತು. ಫಿಸಿಯೋಥೆರಪಿಸ್ಟ್ ಬಂದು ಬೆರಳುಗಳನ್ನು ಮಡಚಿ ಮುಷ್ಟಿ ಮಾಡಿ ಇಡುತ್ತಿದ್ದರು. ಹದಿಮೂರು ವರ್ಷ ದೇಹವನ್ನು ಹಿಗ್ಗಿಸುವುದನ್ನೇ ಕಲಿತವನು ಈಗ ಒಂದು ಜಾಗವನ್ನು ಬಿಗಿಯಾಗಿಯೇ ಬಿಡುವುದನ್ನು ಕಲಿಯಬೇಕಾಗಿತ್ತು. ಮೊಣಕೈ ನೀಡುವ ಸ್ನಾಯು ಇಲ್ಲದೆಯೇ ತೋಳಿನ ಮೇಲೆ ಭಾರ ಬಿಡುವುದನ್ನು ಮಾತ್ರ ಬೇಗ ಹಿಡಿದ. ಭುಜವನ್ನು ಹೊರಕ್ಕೆ ತಿರುಗಿಸಿದರೆ ಮೊಣಕೈ ತಾನಾಗಿ ಬೀಗಿಕೊಂಡು ನಿಲ್ಲುತ್ತದೆ. ಇದನ್ನು ಒಮ್ಮೆ ತೋರಿಸಿದರು, ಆಮೇಲೆ ಅವನೇ ಕೋನ ಹುಡುಕಿಕೊಂಡ. ಆ ಹೊತ್ತಿಗೆ ಅಂಗೈಯ ಜಡ್ಡು ಮೆತ್ತಗಾಗಿ ಪದರ ಪದರವಾಗಿ ಉದುರಿತ್ತು.

ಇಷ್ಟೆಲ್ಲ ಹೇಳಿದ್ದು, ಮನೆಗೆ ಬಂದು ಕೆಲವು ವಾರಗಳಾದ ಮೇಲೆ ನಡೆದ ಒಂದು ದಿನದ ಸಂಗತಿ ಅರ್ಥವಾಗಲಿ ಎಂದು.

ಭುಜ ನೋಯುತ್ತಿತ್ತು. ಎಕ್ಸ್‌ರೇ ತೆಗೆಸಲು ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿಯ ಸಿಬ್ಬಂದಿ ಅವನನ್ನು ಗಾಲಿಕುರ್ಚಿಯಿಂದ ಸ್ಟ್ರೆಚರಿಗೆ ಎತ್ತಿ ಮಲಗಿಸಿ, ಜಾರಬಾರದೆಂದು ತೊಡೆಯ ಮೇಲೆ ಅಗಲವಾದ ಬೆಲ್ಟು ಬಿಗಿದರು. ಆಗ ಅವನಿಗೆ ಒಳಗೇ ಉಳಿಯುವ ಕ್ಯಾತಿಟರ್, ಅಂದರೆ ಮೂತ್ರಕೋಶದಿಂದ ಮೂತ್ರ ಇಳಿಸುವ ಟ್ಯೂಬು, ಇತ್ತು. ಅದರ ಚೀಲವನ್ನು ಸ್ಟ್ರೆಚರಿನ ಕಂಬಿಗೆ ತೂಗುಹಾಕಿದರು. ಎಕ್ಸ್‌ರೇ ಮುಗಿಯಿತು. ಫಿಲ್ಮಿಗಾಗಿ ಕಾಯುತ್ತಾ ಕಾರಿಡಾರಿನಲ್ಲಿ ನಿಂತಿದ್ದೆವು. ಕಾಯುವುದು ಉದ್ದವಾಯಿತು.

"ಅಕ್ಕಾ, ತಲೆ ಬಡಿಯುತ್ತಿದೆ," ಎಂದ. ಸ್ವಲ್ಪ ತಡೆದು, "ಮೂಗು ಕಟ್ಟಿದೆ. ಇದು ಅದೇ."

ನೋಡಿದೆ. ಮುಖ, ಕುತ್ತಿಗೆ ಕೆಂಪಾಗಿದ್ದವು. ಹಣೆಯ ಮೇಲೆ ಬೆವರಿನ ಹನಿಗಳು. ಅಂಗಿಯ ತೋಳು ಸರಿಸಿದರೆ ಮುಂಗೈಯ ರೋಮ ನೆಟ್ಟಗೆ ನಿಂತಿತ್ತು. ಪೆಟ್ಟಿನ ಮಟ್ಟದಿಂದ ಮೇಲೆ ಬಿಸಿ, ಕೆಳಗೆ ತಣ್ಣಗೆ. ಸ್ಟ್ರೆಚರಿನ ತಲೆಭಾಗವನ್ನು ಎತ್ತಿದೆ. ಅಷ್ಟರಲ್ಲಿ ಒಬ್ಬರು ಬಂದು, "ತಲೆನೋವಿದ್ದರೆ ಮಲಗಲಿ ಬಿಡಿ," ಎಂದು ಮತ್ತೆ ಇಳಿಸಿದರು. ಕಿರಿಯ ವೈದ್ಯರೊಬ್ಬರು ರಕ್ತದೊತ್ತಡ ನೋಡಿದರು. ಮೇಲಿನ ಅಂಕಿ 158. "ಗಾಬರಿಯಾಗಿದ್ದಾನೆ, ಸ್ವಲ್ಪ ಹೊತ್ತು ಮಲಗಿದರೆ ಇಳಿಯುತ್ತದೆ," ಎಂದರು.

ತಮ್ಮ ಕಣ್ಣು ಮುಚ್ಚಿಕೊಂಡೇ ಮಾತಾಡಿದ. ಅವನ ಎದೆಯ ಸ್ನಾಯುಗಳಿಗೂ ಶಕ್ತಿ ಕಡಿಮೆ, ಗಟ್ಟಿಯಾಗಿ ಕೂಗಲಾರ. "ನನಗೆ ಗಾಬರಿಯಾಗಿಲ್ಲ ಡಾಕ್ಟರ್. ನನ್ನ ಬಿಪಿ ಯಾವಾಗಲೂ 95ರ ಹತ್ತಿರ ಇರುತ್ತದೆ. ಇದು ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ. ಮಲಗಿಸಬೇಡಿ, ಕೂರಿಸಿ. ಕಾಲು ಇಳಿಬಿಡಿ. ಟ್ಯೂಬು ನೋಡಿ."

ಎದೆಭಾಗದ ಆರನೆಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಬೆನ್ನುಹುರಿಗೆ ಪೆಟ್ಟಾದವರಿಗೆ ಇದು ಬರಬಹುದು. ಮೂತ್ರಕೋಶ ತುಂಬಿ ಬಿಗಿದರೆ, ಮಲ ಕಟ್ಟಿದರೆ, ಬಟ್ಟೆ ಒತ್ತಿದರೆ, ಕಾಲಿನ ಉಗುರು ಒಳಗೆ ಬೆಳೆದರೂ ಸಾಕು. ನೋವು ಮಿದುಳಿಗೆ ತಲುಪುವುದಿಲ್ಲ, ಆದರೆ ಪೆಟ್ಟಿನ ಕೆಳಗಿನ ನರಗಳು ಅದಕ್ಕೆ ಪ್ರತಿಕ್ರಿಯಿಸಿ ರಕ್ತನಾಳಗಳನ್ನು ಹಿಂಡುತ್ತವೆ. ಒತ್ತಡ ಏರುತ್ತದೆ. ಇಳಿಸು ಎಂದು ಮಿದುಳು ಕಳಿಸುವ ಆಜ್ಞೆ ಮುರಿದ ಜಾಗವನ್ನು ದಾಟಲಾರದು. ಹೃದಯದ ಬಡಿತ ನಿಧಾನವಾಗುತ್ತದೆ, ಮುಖ ಕೆಂಪಾಗುತ್ತದೆ, ಒತ್ತಡ ಮಾತ್ರ ಏರುತ್ತಲೇ ಹೋಗುತ್ತದೆ. ಕಾರಣವನ್ನು ತೆಗೆಯದಿದ್ದರೆ ಮಿದುಳಿನಲ್ಲಿ ರಕ್ತಸ್ರಾವವಾಗಬಹುದು, ಪ್ರಾಣ ಹೋಗಬಹುದು. ಬೇರೆಯವರ ಪಾಲಿಗೆ 158 ಅಂಥ ದೊಡ್ಡ ಅಂಕಿಯಲ್ಲ. ದಿನವೂ 95ರಲ್ಲಿ ಇರುವವನಿಗೆ ಅದು ಅರವತ್ತಕ್ಕೂ ಹೆಚ್ಚು ಏರಿಕೆ. ಈ ಲೆಕ್ಕ ಆ ಕಾರಿಡಾರಿನಲ್ಲಿ ಗೊತ್ತಿದ್ದದ್ದು ಮಲಗಿದ್ದವನಿಗೆ ಮತ್ತು ನನಗೆ.

ವೈದ್ಯರು ಒಂದು ಕ್ಷಣ ಅನುಮಾನಿಸಿದರು. ಪಕ್ಕದಲ್ಲಿದ್ದ ದಾದಿ ಅನುಮಾನಿಸಲಿಲ್ಲ. ಅವರಿಗೆ ಆ ಕಾಯಿಲೆಯ ಹೆಸರು ಗೊತ್ತಿತ್ತೋ ಇಲ್ಲವೋ, ತಿಳಿಯದು. ಹೇಳುತ್ತಿರುವವನಿಗೆ ಗೊತ್ತಿದೆ ಎಂಬುದಂತೂ ಅವರಿಗೆ ತಿಳಿಯಿತು. "ನೀವು ಬೆನ್ನು ಹಿಡಿದುಕೊಳ್ಳಿ," ಎಂದು ನನಗೆ ಹೇಳಿ ಬೆಲ್ಟು ಬಿಚ್ಚಿದರು. ನಾನು ಹಿಂದಿನಿಂದ ಎದೆಗೆ ಆನಿಸಿಕೊಂಡು ಕೂರಿಸಿದೆ, ಅವರು ಕಾಲುಗಳನ್ನು ಅಂಚಿನಿಂದ ಇಳಿಬಿಟ್ಟು ಸೊಂಟದ ಗುಂಡಿ ಸಡಿಲಿಸಿದರು. ಚೀಲದಿಂದ ಹಿಡಿದು ಟ್ಯೂಬಿನ ಗುಂಟ ಅವರ ಬೆರಳು ಮೇಲಕ್ಕೆ ಸರಿಯಿತು. ಬೆಲ್ಟಿನ ಬಕಲ್ಲು ಒತ್ತಿದ್ದ ಜಾಗದಲ್ಲಿ, ತೊಡೆಯ ಅಡಿಗೆ ಸಿಕ್ಕಿ, ಟ್ಯೂಬು ಎರಡಾಗಿ ಮಡಚಿತ್ತು. ಬಿಡಿಸಿದ ಕೂಡಲೇ ಮೂತ್ರ ರಭಸದಿಂದ ಇಳಿಯಿತು. ಚೀಲ ಉಬ್ಬುತ್ತಾ ಹೋಯಿತು. ಅರ್ಧ ಲೀಟರಿಗೂ ಮೀರಿತ್ತು. ಮತ್ತೆ ನೋಡಿದಾಗ ಅಂಕಿ 130, ಆಮೇಲೆ 112. ನನ್ನ ಎದೆಗೆ ಆನಿಕೊಂಡಿದ್ದ ಅವನ ತಲೆಯ ಬೆವರಿನಿಂದ ನನ್ನ ಬಟ್ಟೆ ಒದ್ದೆಯಾಗಿತ್ತು. "ಮೂಗು ಬಿಟ್ಟಿತು," ಎಂದ. ಅಷ್ಟು ಹಗುರಾದ ಮಾತನ್ನು ನಾನು ಯಾವತ್ತೂ ಕೇಳಿರಲಿಲ್ಲ.

ಆ ವೈದ್ಯರ ಮೇಲೆ ಅಂದು ನನಗೆ ತುಂಬ ಸಿಟ್ಟು ಬಂದಿತ್ತು. ಈಗಲೂ ಪೂರ್ತಿ ಹೋಗಿಲ್ಲ. ಆದರೆ ಅವರು ಹೊರಡುವ ಮುನ್ನ ಬಂದು ತಮ್ಮನ ಮುಂದೆ ಕುರ್ಚಿ ಎಳೆದುಕೊಂಡು ಕೂತು, "ಮೊದಲು ಏನು ಅನ್ನಿಸಿತು? ಎಷ್ಟು ಹೊತ್ತಿನಲ್ಲಿ ಗೊತ್ತಾಯಿತು?" ಎಂದು ಒಂದೊಂದೇ ಕೇಳಿ ಬರೆದುಕೊಂಡರು. ತಮ್ಮ, ಕೋಚ್‌ಗೆ ವರದಿ ಕೊಡುವ ಹಾಗೆ, ಉತ್ತರಿಸಿದ: ಮೊದಲು ತಲೆಯ ಹಿಂಭಾಗ, ನಂತರ ಮೂಗು, ನಂತರ ಕಿವಿಯ ಬಿಸಿ.

ಆಟ ಅವನಿಗೆ ಧೈರ್ಯ ಕಲಿಸಿತು ಎಂದು ಜನ ಹೇಳುತ್ತಾರೆ. ಧೈರ್ಯ ಅವನಿಗೆ ಎಷ್ಟೋ ದಿನ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಗೋಡೆಗೆ ಮುಖ ಮಾಡಿ ಮಲಗುವ ದಿನಗಳಿವೆ. ಆಟದಿಂದ ಬಂದು ಉಳಿದದ್ದು ದೇಹದ ಸಣ್ಣ ಸುದ್ದಿಯನ್ನೂ ಕಡೆಗಣಿಸದ ಆ ಗಮನ. ಈಗ ಸುದ್ದಿ ಬರುವ ದಾರಿಗಳು ಬಹುಪಾಲು ಮುಚ್ಚಿವೆ, ಬಂದಷ್ಟನ್ನು ಅವನು ಬಿಡುವುದಿಲ್ಲ. ಪೆಟ್ಟಿನ ಕೆಳಗೆ ಬೆವರು ಬರುವುದಿಲ್ಲವಾದ್ದರಿಂದ ಬಿಸಿಲಿನಲ್ಲಿ ಮೈಯ ಶಾಖ ಏರುತ್ತದೆ. ಅದನ್ನು ಕಣ್ಣು ಉರಿಯುವುದರಿಂದ ಕಂಡುಕೊಂಡು, ನೀರು ಚಿಮುಕಿಸಲು ಹೇಳುತ್ತಾನೆ.

ಪ್ಯಾರಾಲಿಂಪಿಕ್ಸ್‌ಗೆ ಹೋಗಲಿ ಎಂದು ಹುರಿದುಂಬಿಸುವವರೂ ಬಹಳ. ಅವರಿಗೆ ನಾನು ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ಕಥೆ ಹೇಳುತ್ತೇನೆ. ಅದಕ್ಕೆ ಮೊದಲು ಬೆನ್ನುಹುರಿ ಮುರಿದವರಲ್ಲಿ ಹೆಚ್ಚಿನವರು ಮೂತ್ರದ ಸೋಂಕಿನಿಂದಲೋ ಹಾಸಿಗೆ ಹುಣ್ಣಿನಿಂದಲೋ ಸಾಯುತ್ತಿದ್ದರು. 1944ರಲ್ಲಿ ಇಂಗ್ಲೆಂಡಿನ ಆ ಆಸ್ಪತ್ರೆಯ ಬೆನ್ನುಹುರಿ ವಿಭಾಗದ ಹೊಣೆ ಹೊತ್ತ ಲುಡ್ವಿಗ್ ಗುಟ್‌ಮನ್, ಹಗಲೂ ರಾತ್ರಿ ಎರಡು ಗಂಟೆಗೊಮ್ಮೆ ರೋಗಿಗಳ ಮಗ್ಗುಲು ಬದಲಿಸಲೇಬೇಕು ಎಂದು ಹಟ ಹಿಡಿದರು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಾದ ದಿನವೇ, ಗಾಯಾಳು ಯೋಧರಾದ 16 ಗಂಡಸರು ಮತ್ತು ಹೆಂಗಸರು ಅಲ್ಲಿ ಗಾಲಿಕುರ್ಚಿಯಲ್ಲಿ ಕೂತು ಬಿಲ್ಲುಗಾರಿಕೆಯಲ್ಲಿ ಸ್ಪರ್ಧಿಸಿದರು. ಪ್ಯಾರಾಲಿಂಪಿಕ್ಸ್ ಬೆಳೆದದ್ದು ಅಲ್ಲಿಂದ. ಬಿಲ್ಲಿಗಿಂತ ಮೊದಲು ಮಗ್ಗುಲು ಬದಲಿಸುವ ಕೆಲಸವಿತ್ತು ಎಂಬುದನ್ನು ಯಾರೂ ನೆನೆಯುವುದಿಲ್ಲ. ತಮ್ಮನಿಗೆ ಸದ್ಯ ಇಷ್ಟವಾಗಿರುವುದು ಗಾಲಿಕುರ್ಚಿ ರಗ್ಬಿ ನೋಡುವುದು. 1977ರಲ್ಲಿ ಕೆನಡಾದ ವಿನ್ನಿಪೆಗ್‌ನಲ್ಲಿ ನಾಲ್ಕೂ ಅಂಗ ಬಾಧಿತರಾದವರೇ ಕಟ್ಟಿದ ಆಟ ಅದು. ಶಕ್ತಿಯನ್ನು ಅಳೆದು ಒಬ್ಬೊಬ್ಬರಿಗೆ 0.5ರಿಂದ 3.5ರವರೆಗೆ ಅಂಕ ಕೊಡುತ್ತಾರೆ, ಅಂಗಳದಲ್ಲಿರುವ ನಾಲ್ವರ ಒಟ್ಟು ಅಂಕ ಸಾಮಾನ್ಯವಾಗಿ 8 ದಾಟುವಂತಿಲ್ಲ. ಹಾಗಾಗಿ ಕಡಿಮೆ ಶಕ್ತಿಯ ಆಟಗಾರನಿಲ್ಲದೆ ತಂಡ ಕಟ್ಟಲಾಗದು. ಆಡುತ್ತಾನೋ ಇಲ್ಲವೋ ಅವನಿಗೆ ಬಿಟ್ಟದ್ದು.

ಆಸ್ಪತ್ರೆಯಿಂದ ಬಂದ ಆ ವಾರವೇ ಅವನು ಒಂದು ಕಾರ್ಡು ಬರೆಯಲು ಕೂತ. ಪೆನ್ನನ್ನು ಬೆರಳುಗಳ ಸಂದಿನಲ್ಲಿ ಹೆಣೆದುಕೊಂಡು, ಮಣಿಕಟ್ಟು ಎತ್ತಿ ಬಿಗಿ ಮಾಡಿಕೊಂಡು, ಇಡೀ ತೋಳಿನಿಂದ ಅಕ್ಷರ ಎಳೆದ. ತನ್ನ ಪೆಟ್ಟಿನ ಮಟ್ಟ, ದಿನದ ರಕ್ತದೊತ್ತಡ, ಮಾಡಬೇಕಾದದ್ದು: ಕೂರಿಸಿ, ಕಾಲು ಇಳಿಬಿಡಿ, ಬಟ್ಟೆ ಸಡಿಲಿಸಿ, ಟ್ಯೂಬು ನೋಡಿ, ಎರಡರಿಂದ ಐದು ನಿಮಿಷಕ್ಕೊಮ್ಮೆ ಬಿಪಿ ಅಳೆಯಿರಿ. ಅದಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ಗಾಲಿಕುರ್ಚಿಯ ಹಿಂಬದಿಗೆ ಕಟ್ಟಿದ್ದೇವೆ. ಹಲ್ಲು ತೋರಿಸಲು ಹೋದ ಕಡೆ ಅದನ್ನು ಓದಿದವರೊಬ್ಬರು ತಮಗೊಂದು ಪ್ರತಿ ಬೇಕೆಂದರು. ಕೊಡುತ್ತೇನೆ, ಆದರೆ ಹಿಂಬದಿಯಲ್ಲಿ ಚಿತ್ರ ಬಂದ ಮೇಲೆ ಎಂದ, ಅವಸರದಲ್ಲಿ ಇರುವವರು ಇಷ್ಟೊಂದು ಓದುವುದಿಲ್ಲವಂತೆ. ಚಿತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಕೂತಿರುವವನ ಬೆನ್ನು ಇನ್ನೂ ನೆಟ್ಟಗಿರಬೇಕು, ಕಾಲು ಇನ್ನೂ ಕೆಳಗೆ ಬರಬೇಕು ಎಂದು ನಿನ್ನೆಯೂ ಅಳಿಸಿ ತಿದ್ದಿಸಿದ.